ಬಿಲಿಯನ್ ಅಂದರೆ ಎಷ್ಟು?

ಈ ಸಂಖ್ಯೆಯನ್ನು ಒಮ್ಮೆ ಜೋರಾಗಿ ಓದಿ: 6,10,95,297. ಇದು 2011ರ ಜನಗಣತಿಯ ಪ್ರಕಾರ ಕರ್ನಾಟಕದ ಜನಸಂಖ್ಯೆ. ಆರು ಕೋಟಿ ಹತ್ತು ಲಕ್ಷದ ತೊಂಬತ್ತೈದು ಸಾವಿರದ ಇನ್ನೂರ ತೊಂಬತ್ತೇಳು. ಎಲ್ಲೂ ತಡವರಿಸಲಿಲ್ಲ, ಅಲ್ವಾ? ಈಗ ಇದನ್ನೇ ಇಂಗ್ಲಿಷಿನಲ್ಲಿ, ಲಕ್ಷ ಕೋಟಿ ಗೊತ್ತಿಲ್ಲದವರಿಗೆ ಹೇಳಿ. ಬಹಳಷ್ಟು ಜನ ಇಲ್ಲಿ ಒಂದು ಗಳಿಗೆ ನಿಂತುಬಿಡುತ್ತಾರೆ. ದಿನವಿಡೀ ಸರಾಗವಾಗಿ ಇಂಗ್ಲಿಷ್ ಮಾತಾಡುವವರೂ ಮೀಟಿಂಗಿನಲ್ಲಿ ದೊಡ್ಡ ಅಂಕಿ ಎದುರಾದ ಕೂಡಲೇ ದನಿ ತಗ್ಗಿಸುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ನಮ್ಮ ಎಣಿಕೆಯೇ ಏನೋ ವಿಚಿತ್ರ, ಅವರದ್ದೇ ಸರಿಯಾದದ್ದು ಎಂಬ ಅಳುಕು ಒಳಗೆ ಇರುತ್ತದೆ. ಆ ಅಳುಕಿಗೆ ಚರಿತ್ರೆಯಲ್ಲಿ ಆಧಾರವೇ ಇಲ್ಲ.

ತೊಡಕು ಇರುವುದು ಅಲ್ಪವಿರಾಮ ಬೀಳುವ ಜಾಗದಲ್ಲಿ. ತೊಂಬತ್ತೊಂಬತ್ತು ಸಾವಿರದವರೆಗೆ ಎರಡೂ ಭಾಷೆಗಳ ದಾರಿ ಒಂದೇ. ಅಲ್ಲಿಂದ ಮುಂದೆ ನಾವು ಎರಡೆರಡು ಅಂಕಿಗೆ ಹೊಸ ಹೆಸರು ಹಿಡಿಯುತ್ತೇವೆ, ಇಂಗ್ಲಿಷಿನವರು ಮೂರು ಮೂರಕ್ಕೆ. ಆದರೆ ಆ ಮೂರರ ಲೆಕ್ಕದಲ್ಲಿ ಬಿಲಿಯನ್ ಎಂಬ ಪದ ನೆಲೆಯೂರಿದ ಕಥೆ ನೀವು ಅಂದುಕೊಂಡಷ್ಟು ಹಳೆಯದಲ್ಲ.

1484ರಲ್ಲಿ ನಿಕೋಲಾ ಶುಕೆ ಎಂಬ ಫ್ರೆಂಚ್ ಗಣಿತಜ್ಞ ತನ್ನ ಹಸ್ತಪ್ರತಿಯಲ್ಲಿ ದೊಡ್ಡ ಸಂಖ್ಯೆಗಳನ್ನು ಆರಾರು ಅಂಕಿಗಳ ಗುಂಪು ಮಾಡಿದ. ಮೊದಲನೆಯದು ಮಿಲಿಯನ್, ಎರಡನೆಯದು ಬಿಲಿಯನ್, ಮೂರನೆಯದು ಟ್ರಿಲಿಯನ್. ಅವನ ಬಿಲಿಯನ್ ಅಂದರೆ ಮಿಲಿಯನ್ ಸಲ ಮಿಲಿಯನ್, ಒಂದರ ಮುಂದೆ 12 ಸೊನ್ನೆ. ಮುಂದೆ ಫ್ರಾನ್ಸಿನಲ್ಲೇ ಕೆಲವರು ಮೂರು ಮೂರು ಅಂಕಿಗೆ ಹೆಸರು ಬದಲಿಸತೊಡಗಿದರು. ಆಗ ಬಿಲಿಯನ್ 9 ಸೊನ್ನೆಗೆ ಇಳಿಯಿತು. ಅಮೆರಿಕ ಆ ಲೆಕ್ಕವನ್ನು ಹಿಡಿಯಿತು, ಬ್ರಿಟನ್ ಹಳೆಯದಕ್ಕೇ ಅಂಟಿಕೊಂಡಿತು. ಒಂದೇ ಭಾಷೆ, ಒಂದೇ ಪದ, ಸಾವಿರ ಪಟ್ಟು ವ್ಯತ್ಯಾಸ!

1974ರ ಡಿಸೆಂಬರ್ 20ರಂದು ಬ್ರಿಟನ್ ಪ್ರಧಾನಿ ಹೆರಾಲ್ಡ್ ವಿಲ್ಸನ್ ಪಾರ್ಲಿಮೆಂಟಿಗೆ ಒಂದು ಲಿಖಿತ ಉತ್ತರ ಕೊಟ್ಟರು. ಸಚಿವರು ಬಿಲಿಯನ್ ಪದವನ್ನು ಹಳೆಯ ಬ್ರಿಟಿಷ್ ಅರ್ಥದಲ್ಲಷ್ಟೇ ಬಳಸಬೇಕಲ್ಲವೇ ಎಂಬುದು ಸದಸ್ಯರೊಬ್ಬರ ಪ್ರಶ್ನೆ. ಇಲ್ಲ, ಇನ್ನು ಮುಂದೆ ಸಾವಿರ ಮಿಲಿಯನ್ ಎಂದೇ ಅರ್ಥ ಎಂಬುದು ವಿಲ್ಸನ್ ಕೊಟ್ಟ ಉತ್ತರದ ಸಾರ. ಅಂದರೆ ನಮ್ಮ ಅಪ್ಪ-ಅಮ್ಮಂದಿರ ಕಾಲದವರೆಗೂ ಇಂಗ್ಲಿಷರಿಗೇ ಇಂಗ್ಲಿಷಿನ ಬಿಲಿಯನ್ ಇತ್ಯರ್ಥವಾಗಿರಲಿಲ್ಲ. ಫ್ರಾನ್ಸ್ 1961ರಲ್ಲಿ ಅಧಿಕೃತವಾಗಿ 12 ಸೊನ್ನೆಗೆ ಮರಳಿತು. ಜರ್ಮನಿಯಲ್ಲಿ ಇಂದಿಗೂ 9 ಸೊನ್ನೆಗೆ ಮಿಲಿಯಾರ್ಡೆ, 12 ಸೊನ್ನೆಗೆ ಬಿಲಿಯೋನ್.

ನಮ್ಮ ಕಡೆ ಮಾತ್ರ ಎಲ್ಲ ನೇರವಾಗಿತ್ತೇ? ಅದೂ ಇಲ್ಲ. ಅರ್ಬುದ ಎಂಬ ಪದವನ್ನೇ ನೋಡಿ. ಯಜುರ್ವೇದದ ಪಟ್ಟಿಯಲ್ಲಿ ಅದಕ್ಕೆ 7 ಸೊನ್ನೆ. ಭಾಸ್ಕರಾಚಾರ್ಯರ ‘ಲೀಲಾವತಿ’ಯಲ್ಲಿ 8. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ಬರೆದ ‘ಗಣಿತಸಾರಸಂಗ್ರಹ’ದಲ್ಲಿ 10. ಈ ಕೊನೆಯ ಪಟ್ಟಿಯಲ್ಲಿ ಇಪ್ಪತ್ನಾಲ್ಕು ಸ್ಥಾನಗಳಿಗೆ ಹೆಸರುಂಟು. ಅದರಲ್ಲಿ ದಶಸಹಸ್ರ, ದಶಲಕ್ಷ, ದಶಕೋಟಿ, ಶತಕೋಟಿ ಎಂದು ಜೋಡಿಪದಗಳು ಬರುತ್ತವೆ. ನಾವು ಇವತ್ತು ಹತ್ತು ಸಾವಿರ, ಹತ್ತು ಲಕ್ಷ, ನೂರು ಕೋಟಿ ಅನ್ನುವ ರೀತಿಯೇ ಇದು.

ಕೋಟಿ ದೇಶ ಬಿಟ್ಟು ಹೋದಾಗಲೂ ಬೆಲೆ ಬದಲಿಸಿತು. ಇರಾನಿನಲ್ಲಿ ಅದು ಕುರೂರ್ ಆಗಿ ಐದು ಲಕ್ಷಕ್ಕೆ ಇಳಿಯಿತು. 1828ರ ತುರ್ಕ್‌ಮಂಚಾಯ್ ಒಪ್ಪಂದದಲ್ಲಿ ಇರಾನ್ ರಷ್ಯಾಕ್ಕೆ ಹತ್ತು ಕುರೂರ್ ತುಮಾನ್ ಯುದ್ಧದಂಡ ತೆರಬೇಕಾಯಿತು. ನಮ್ಮ ಕೋಟಿ ಅಂತ ಓದಿದರೆ ಅದು ಹತ್ತು ಕೋಟಿ. ನಿಜಕ್ಕೂ ಐವತ್ತು ಲಕ್ಷ, ಇಪ್ಪತ್ತನೇ ಒಂದು ಪಾಲು.

ಹಾಗಾಗಿ ಸಂಖ್ಯೆಯ ಹೆಸರು ಅಂದರೆ ಆ ಕಾಲದ, ಆ ಊರಿನ ಒಂದು ಕರಾರು. ನಮ್ಮ ಕರಾರನ್ನು ಮರೆಯದೆಯೇ ಇನ್ನೊಂದನ್ನು ಕಲಿಯಬಹುದು. ಅಭ್ಯಾಸಕ್ಕೆ ಮೂರು ಮೆಟ್ಟಿಲು ಸಾಕು: ಹತ್ತು ಲಕ್ಷ ಒಂದು ಮಿಲಿಯನ್, ನೂರು ಕೋಟಿ ಒಂದು ಬಿಲಿಯನ್, ಲಕ್ಷ ಕೋಟಿ ಒಂದು ಟ್ರಿಲಿಯನ್. ಮನಸ್ಸಿನಲ್ಲೇ ಅನುವಾದ ಮಾಡಲು ಹೋಗಬೇಡಿ. ಮೊದಲು ಕಾಗದದ ಮೇಲೆ ಬಲದಿಂದ ಮೂರು ಮೂರು ಅಂಕಿಗೆ ಅಲ್ಪವಿರಾಮ ಹಾಕಿ, ಆಮೇಲೆ ಎಡದಿಂದ ಓದಿ. ಕರ್ನಾಟಕದ ಸಂಖ್ಯೆ 61,095,297 ಆಗುತ್ತದೆ: ಸಿಕ್ಸ್‌ಟಿ ಒನ್ ಮಿಲಿಯನ್, ನೈಂಟಿ ಫೈವ್ ಥೌಸಂಡ್, ಟೂ ಹಂಡ್ರೆಡ್ ನೈಂಟಿ ಸೆವೆನ್. ಬ್ರಿಟನ್ನಿನಲ್ಲಿದ್ದರೆ ಹಂಡ್ರೆಡ್ ಆದಮೇಲೆ ಒಂದು ‘ಆ್ಯಂಡ್’ ಸೇರಿಸಿ. ದಿನಕ್ಕೆ ಐದು ಸಂಖ್ಯೆ, ಬಾಯಿಬಿಟ್ಟು ಹೇಳಿ. ಕಣ್ಣಲ್ಲೇ ಓದಿದರೆ ನಾಲಿಗೆಗೆ ರೂಢಿಯಾಗುವುದಿಲ್ಲ.

ಇನ್ನೊಂದು ಮಾತು. ಹಳೆಯ ಬ್ರಿಟಿಷ್ ಪುಸ್ತಕದಲ್ಲೋ ಜರ್ಮನ್ ವರದಿಯಲ್ಲೋ ಬಿಲಿಯನ್ ಕಂಡರೆ, ಎಷ್ಟು ಸೊನ್ನೆ ಅಂತ ಕೇಳಲು ಸಂಕೋಚ ಬೇಡ. ಬ್ರಿಟನ್ ಪಾರ್ಲಿಮೆಂಟಿನಲ್ಲೂ ಕೇಳಿದ ಪ್ರಶ್ನೆ ಅದು.