ಗಣಕದ ಅಟ್ಟ: ಸ್ವಾಪ್ ಜಾಗ ನಡೆದು ಬಂದ ದಾರಿ

ಭದ್ರಾವತಿಯ ನ್ಯೂ ಟೌನ್‌ನಲ್ಲಿ ಉಕ್ಕಿನ ಕಾರ್ಖಾನೆಯ ಪುಟ್ಟ ವಸತಿಗೃಹದಲ್ಲಿ ಸಂಸಾರ ಮಾಡಿದವರಿಗೂ, ಸುತ್ತಲಿನ ಹಳ್ಳಿಗಳ ದೊಡ್ಡ ಮನೆಯವರಿಗೂ ಸಮಾನವಾದ ಒಂದು ಕಷ್ಟವಿದೆ: ಅಡುಗೆಮನೆಯ ಕಟ್ಟೆ ಎಂದೂ ಸಾಲದು. ಹಬ್ಬಕ್ಕೊಮ್ಮೆ ಬೇಕಾಗುವ ಚಕ್ಕುಲಿ ಒರಳು, ದೊಡ್ಡ ಪಾತ್ರೆಗಳು ಅಟ್ಟ ಸೇರುತ್ತವೆ. ಬೇಕಾದಾಗ ಏಣಿ ಹಾಕಿ ಇಳಿಸುತ್ತೇವೆ. ಇಳಿಸಿದ್ದಕ್ಕೆ ಜಾಗ ಮಾಡಲು ಬೇರೊಂದನ್ನು ಮೇಲೇರಿಸುತ್ತೇವೆ. ಗಣಕಯಂತ್ರವೂ ಹೀಗೆಯೇ ಮಾಡುತ್ತದೆ. ಅದರ ಕಟ್ಟೆ ಎಂದರೆ ಮುಖ್ಯ ಸ್ಮೃತಿ, ಅಂದರೆ ರ್‍ಯಾಮ್. ಅಟ್ಟವೆಂದರೆ ಡಿಸ್ಕಿನಲ್ಲಿ ಮೀಸಲಿಟ್ಟ ಸ್ವಾಪ್ ಜಾಗ.

ಶಾಲೆಯ ಹಳೆಯ ಗಣಕಕ್ಕೆ ಲಿನಕ್ಸ್ ಅಳವಡಿಸುವಾಗ ಶಿಕ್ಷಕರ ಮುಂದೆ ಒಂದು ಪ್ರಶ್ನೆ ಬರುತ್ತದೆ: ಸ್ವಾಪ್ ಎಷ್ಟಿರಬೇಕು? ‘ರ್‍ಯಾಮ್‌ನ ಎರಡರಷ್ಟು’ ಎಂಬ ಸೂತ್ರವನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಇದು ಎಲ್ಲಿಂದ ಬಂತು? ಇಂದಿಗೂ ಸರಿಯೇ? ಉತ್ತರ ಇತಿಹಾಸದಲ್ಲಿದೆ.

ಪ್ರೋಗ್ರಾಂ ಬರೆಯುವವರ ತಲೆನೋವು

1950ರ ದಶಕದ ಗಣಕಗಳಲ್ಲಿ ವೇಗದ ಸ್ಮೃತಿ ಬಹಳ ದುಬಾರಿ, ಬಹಳ ಕಡಿಮೆ. ಅಗ್ಗದ ಸ್ಮೃತಿಯೆಂದರೆ ತಿರುಗುವ ಕಾಂತೀಯ ಡ್ರಮ್, ಅದು ನಿಧಾನ. ಪ್ರೋಗ್ರಾಂ ದೊಡ್ಡದಾದರೆ ಬರೆದವರೇ ಅದನ್ನು ತುಂಡು ಮಾಡಿ, ಯಾವ ತುಂಡು ಯಾವಾಗ ಒಳಗೆ ಬರಬೇಕು, ಯಾವುದರ ಮೇಲೆ ಕೂರಬೇಕು ಎಂದು ಮೊದಲೇ ನಿರ್ಧರಿಸಬೇಕಿತ್ತು. ಈ ವಿಧಾನಕ್ಕೆ ಓವರ್‌ಲೇ ಎಂದು ಹೆಸರು. ಲೆಕ್ಕ ಬಿಡಿಸುವುದಕ್ಕಿಂತ ಸಾಮಾನು ಜೋಡಿಸುವುದೇ ದೊಡ್ಡ ಕೆಲಸವಾಗುತ್ತಿತ್ತು.

ಈ ಕೆಲಸವನ್ನು ಯಂತ್ರವೇ ಮಾಡಲಿ ಎಂಬ ವಿಚಾರ 1956ರಲ್ಲಿ ಬರ್ಲಿನ್ನಿನ ಫ್ರಿಟ್ಜ್-ರುಡೋಲ್ಫ್ ಗುಂಚ್ ಅವರ ಪ್ರೌಢಪ್ರಬಂಧದಲ್ಲಿ ಕಾಣಿಸಿತು. ಅದನ್ನು ಕಾರ್ಯರೂಪಕ್ಕೆ ತಂದವರು ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದ ಟಾಮ್ ಕಿಲ್ಬರ್ನ್ ಮತ್ತು ಸಂಗಡಿಗರು. ಅವರ ಅಟ್ಲಾಸ್ ಗಣಕ 1962ರ ಡಿಸೆಂಬರ್ 7ರಂದು ಉದ್ಘಾಟನೆಗೊಂಡಿತು. ಅದರಲ್ಲಿ ತಲಾ 48 ಬಿಟ್‌ಗಳ 16,384 ಪದಗಳ ಮುಖ್ಯ ಸ್ಮೃತಿಯಿತ್ತು. ಇಂದಿನ ಲೆಕ್ಕದಲ್ಲಿ ಕೇವಲ 96 ಕಿಲೋಬೈಟ್! ಡ್ರಮ್ಮುಗಳಲ್ಲಿ ಇದರ ಆರರಷ್ಟು ಜಾಗವಿತ್ತು. ಸ್ಮೃತಿಯನ್ನು 512 ಪದಗಳ ಪುಟಗಳಾಗಿ ವಿಂಗಡಿಸಲಾಗಿತ್ತು. ಬೇಕಾದ ಪುಟ ಒಳಗಿಲ್ಲದಿದ್ದರೆ ಯಂತ್ರ ಪ್ರೋಗ್ರಾಮನ್ನು ತಡೆದು, ಡ್ರಮ್ಮಿನಿಂದ ಆ ಪುಟವನ್ನು ತಂದು, ಮತ್ತೆ ಮುಂದುವರಿಸುತ್ತಿತ್ತು. ಹೊರಹೋಗಬೇಕಾದ ಪುಟವನ್ನು ಹಿಂದಿನ ಬಳಕೆಯನ್ನು ನೋಡಿ ಆರಿಸುತ್ತಿತ್ತು. ಬರೆಯುವವರಿಗೆ ಎಲ್ಲವೂ ಒಂದೇ ದೊಡ್ಡ ಸ್ಮೃತಿಯಂತೆ ತೋರುತ್ತಿತ್ತು. ವರ್ಚುವಲ್ ಮೆಮೊರಿ ಹುಟ್ಟಿದ್ದು ಹೀಗೆ.

ಇದೇ ವೇಳೆಗೆ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಅವರ ತಂಡ ಇನ್ನೊಂದು ದಾರಿ ಹಿಡಿದಿತ್ತು. 1961ರ ನವೆಂಬರಿನಲ್ಲಿ ಅವರು ಒಂದೇ ಗಣಕವನ್ನು ಹಲವರು ಸರದಿಯಂತೆ ಬಳಸುವುದನ್ನು ತೋರಿಸಿದರು. ಒಬ್ಬರ ಸರದಿ ಮುಗಿದಾಗ ಅವರ ಪ್ರೋಗ್ರಾಮನ್ನು ಇಡಿಯಾಗಿ ಹೊರಗೆ ಕಳಿಸಿ ಇನ್ನೊಬ್ಬರದನ್ನು ಒಳಗೆ ತರಲಾಗುತ್ತಿತ್ತು. ‘ಸ್ವಾಪ್’, ಅಂದರೆ ಅದಲುಬದಲು, ಎಂಬ ಪದ ಈ ಕ್ರಿಯೆಗೆ ಒಪ್ಪುತ್ತದೆ. ಇಡೀ ಪ್ರೋಗ್ರಾಂ ಹೋದರೆ ಸ್ವಾಪಿಂಗ್, ಪುಟಪುಟವಾಗಿ ಹೋದರೆ ಪೇಜಿಂಗ್. ಇಂದು ನಡೆಯುವುದು ಹೆಚ್ಚಾಗಿ ಎರಡನೆಯದೇ ಆದರೂ ಉಳಿದುಕೊಂಡದ್ದು ಮೊದಲನೆಯದರ ಹೆಸರು.

ಹೊಸ ವಿಚಾರ ಎಲ್ಲ ಕಡೆಗೂ ಕೂಡಲೇ ತಲುಪಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಗಣಕ ಕೇಂದ್ರ 1970ರಲ್ಲಿ ಆರಂಭವಾದದ್ದು ಐಬಿಎಂ 360/44 ಯಂತ್ರದೊಂದಿಗೆ. ಆ ಮಾದರಿಯಲ್ಲಿ ವರ್ಚುವಲ್ ಮೆಮೊರಿ ಇರಲಿಲ್ಲ. ಐಬಿಎಂ ತನ್ನ 370 ಸರಣಿಗೆ ಅದನ್ನು ಘೋಷಿಸಿದ್ದು 1972ರಲ್ಲಿ. ಅಲ್ಲಿಯವರೆಗೆ ಇಂಥ ಯಂತ್ರಗಳಲ್ಲಿ ಸ್ಮೃತಿಯ ಮಿತವ್ಯಯ ಬಳಸುವವರ ಹೊಣೆಯೇ ಆಗಿತ್ತು.

ಏಣಿ ಹತ್ತಿ ಇಳಿಯುವುದೇ ಕೆಲಸವಾದಾಗ

ಅಟ್ಟವಿದೆಯೆಂದು ಕಟ್ಟೆಯನ್ನು ತೀರ ಚಿಕ್ಕದು ಮಾಡಿದರೆ? ಒಗ್ಗರಣೆಗೆ ಸಾಸಿವೆ ಬೇಕಾದಾಗಲೂ ಏಣಿ ಹತ್ತಬೇಕು. 1960ರ ದಶಕದ ಗಣಕಗಳಿಗೆ ಆದದ್ದೂ ಇದೇ. ಇನ್ನೊಬ್ಬ ಬಳಕೆದಾರನಿಗೆ ಅವಕಾಶ ಕೊಟ್ಟೊಡನೆ ಯಂತ್ರ ಕುಸಿಯುತ್ತಿತ್ತು. ಪುಟ ತರುವುದು, ಕಳಿಸುವುದು ಬಿಟ್ಟರೆ ಬೇರೆ ಕೆಲಸವೇ ಆಗುತ್ತಿರಲಿಲ್ಲ. 1968ರಲ್ಲಿ ಪೀಟರ್ ಡೆನ್ನಿಂಗ್ ಈ ಥ್ರ್ಯಾಷಿಂಗ್‌ನ ಕಾರಣವನ್ನು ವಿವರಿಸಿದರು. ಯಾವ ಪ್ರೋಗ್ರಾಮೇ ಆಗಲಿ, ಒಂದು ಅವಧಿಯಲ್ಲಿ ಪದೇ ಪದೇ ಮುಟ್ಟುವುದು ಕೆಲವೇ ಪುಟಗಳನ್ನು. ಅವು ಅದರ ‘ವರ್ಕಿಂಗ್ ಸೆಟ್’. ಅಷ್ಟಕ್ಕೆ ಮುಖ್ಯ ಸ್ಮೃತಿಯಲ್ಲಿ ಜಾಗವಿಲ್ಲದಿದ್ದರೆ ಆ ಪ್ರೋಗ್ರಾಮನ್ನು ಓಡಿಸದಿರುವುದೇ ಲೇಸು.

ವಿದ್ಯಾರ್ಥಿಗಳು ಇದನ್ನು ಲೆಕ್ಕ ಮಾಡಿ ನೋಡಬಹುದು. ರ್‍ಯಾಮ್ ಮುಟ್ಟಲು ಸುಮಾರು 100 ನ್ಯಾನೋಸೆಕೆಂಡ್, ತಿರುಗುವ ಹಾರ್ಡ್ ಡಿಸ್ಕನ್ನು ಮುಟ್ಟಲು ಸುಮಾರು 10 ಮಿಲಿಸೆಕೆಂಡ್ ಎಂದಿಟ್ಟುಕೊಳ್ಳೋಣ. ವ್ಯತ್ಯಾಸ ಒಂದು ಲಕ್ಷದಷ್ಟು! ಸಾವಿರ ಸಲದಲ್ಲಿ ಒಂದು ಸಲ ಮಾತ್ರ ಡಿಸ್ಕಿಗೆ ಹೋಗಬೇಕಾಯಿತು ಎನ್ನಿ. ಆಗ ಸರಾಸರಿ ಸಮಯ ಸುಮಾರು 10 ಮೈಕ್ರೋಸೆಕೆಂಡ್, ಅಂದರೆ ವೇಗ ನೂರರಲ್ಲೊಂದು ಪಾಲಿಗೆ ಇಳಿಯಿತು. ಸ್ವಾಪ್ ಹೆಚ್ಚಿಸಿದರೆ ಗಣಕ ಚುರುಕಾಗುತ್ತದೆ ಎಂಬ ನಂಬಿಕೆ ಏಕೆ ತಪ್ಪೆಂಬುದು ಇದರಿಂದ ತಿಳಿಯುತ್ತದೆ. ಸ್ವಾಪ್ ಜಾಗ ಕೊಡುತ್ತದೆ, ವೇಗ ಕೊಡುವುದಿಲ್ಲ.

‘ಎರಡರಷ್ಟು’ ಬಂದ ಬಗೆ

ಪಿಡಿಪಿ-11 ಗಣಕಗಳ ಯುನಿಕ್ಸ್ ಪ್ರೋಗ್ರಾಮುಗಳನ್ನು ಇಡಿಯಾಗಿ ಅದಲುಬದಲು ಮಾಡುತ್ತಿತ್ತು. ಬರ್ಕಲಿಯಲ್ಲಿ ಓಜಲ್ಪ್ ಬಾಬಾಓಲು ಮತ್ತು ಬಿಲ್ ಜಾಯ್ ವ್ಯಾಕ್ಸ್ ಗಣಕಕ್ಕಾಗಿ ಪೇಜಿಂಗ್ ಅಳವಡಿಸಿದ ಯುನಿಕ್ಸ್ 1979ರ ಕೊನೆಗೆ ಬಂತು. ಬರ್ಕಲಿ ಯುನಿಕ್ಸ್‌ನ ಆ ಹಳೆಯ ಆವೃತ್ತಿಗಳಲ್ಲಿ ಪ್ರತಿ ಪ್ರೋಗ್ರಾಮಿಗೂ ಬೇಕಾಗಬಹುದಾದ ಸ್ವಾಪ್ ಜಾಗವನ್ನು ಮೊದಲೇ ಕಾದಿರಿಸಬೇಕಿತ್ತು. ಹೀಗಾಗಿ ಎಲ್ಲ ಪ್ರೋಗ್ರಾಮುಗಳ ಒಟ್ಟು ಗಾತ್ರಕ್ಕೆ ಸ್ವಾಪ್‌ನ ಗಾತ್ರವೇ ಮಿತಿ. ರ್‍ಯಾಮ್‌ಗಿಂತ ಸ್ವಾಪ್ ಕಡಿಮೆಯಿದ್ದರೆ ದುಬಾರಿ ರ್‍ಯಾಮ್ ಪೂರ್ತಿ ಉಪಯೋಗಕ್ಕೇ ಬರದು. ಅಂಥಲ್ಲಿ ಎರಡರಷ್ಟಿಡುವುದು ವಿವೇಕದ ಮಾತಾಗಿತ್ತು.

ಲಿನಕ್ಸಿನ ಕತೆ ಇನ್ನೂ ಸ್ವಾರಸ್ಯಕರ. 1991ರಲ್ಲಿ ಜರ್ಮನಿಯ ಒಬ್ಬ ಬಳಕೆದಾರನ ಬಳಿ ಕೇವಲ 2 ಮೆಗಾಬೈಟ್ ರ್‍ಯಾಮ್ ಇತ್ತು. ಲಿನಕ್ಸ್ ತಿರುಳನ್ನು ಕಂಪೈಲ್ ಮಾಡಲು ಅದು ಸಾಲುತ್ತಿರಲಿಲ್ಲ. ಆತನ ಕಷ್ಟ ಕೇಳಿದ ಲೀನಸ್ ಟೊರ್ವಾಲ್ಡ್ಸ್ ಆ ವರ್ಷದ ಕ್ರಿಸ್‌ಮಸ್ ವೇಳೆಗೆ ಪುಟಗಳನ್ನು ಡಿಸ್ಕಿಗೆ ಕಳಿಸುವ ಸೌಲಭ್ಯ ಬರೆದರು. 1992ರ ಜನವರಿಯ 0.12 ಆವೃತ್ತಿಯಲ್ಲಿ ಅದು ಎಲ್ಲರಿಗೂ ಸಿಕ್ಕಿತು. ಬಡ ಯಂತ್ರವೊಂದರ ಅಗತ್ಯ ಹುಟ್ಟಿಸಿದ ಸೌಲಭ್ಯವಿದು!

2001ರ ಜನವರಿಯಲ್ಲಿ ಬಂದ 2.4 ಆವೃತ್ತಿ ಹಳೆಯ ಸೂತ್ರಕ್ಕೆ ಮತ್ತೆ ಜೀವ ಕೊಟ್ಟಿತು. ಸ್ವಾಪ್‌ನಿಂದ ಒಳಬಂದ ಪುಟದ ಪ್ರತಿಯೂ ಅಲ್ಲೇ ಜಾಗ ಹಿಡಿದಿರುತ್ತಿದ್ದುದರಿಂದ ಮತ್ತೆ ‘ಎರಡರಷ್ಟು’ ಎಂದು ಹೇಳಬೇಕಾಯಿತು. ಅದೇ ಸೆಪ್ಟೆಂಬರಿನಲ್ಲಿ 2.4.10ರಲ್ಲಿ ಸ್ಮೃತಿ ನಿರ್ವಹಣೆಯ ಭಾಗವನ್ನೇ ಬದಲಿಸಲಾಯಿತು. ಕಾರಣ ಹೋಯಿತು, ಸೂತ್ರ ಉಳಿಯಿತು.

ಅಟ್ಟವಿಲ್ಲದ ಮನೆ

ಎಲ್ಲ ಗಣಕಗಳಿಗೂ ಅಟ್ಟವಿರುವುದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಹಾಗೂ ಎನ್ಕೋರ್ ಸಾಫ್ಟ್‌ವೇರ್‌ನ ಎಂಜಿನಿಯರುಗಳು ರೂಪಿಸಿದ, ಲಿನಕ್ಸ್ ಆಧಾರಿತ ಸಿಂಪ್ಯೂಟರ್ ನೆನಪಿದೆಯೇ? ಅದರ ಒಂದು ಮಾದರಿಯನ್ನು ಬಿಇಎಲ್ ತಯಾರಿಸಿ 2004ರಲ್ಲಿ ಮಾರುಕಟ್ಟೆಗೆ ತಂದಿತು. ಅಂಗೈಯಲ್ಲಿ ಹಿಡಿಯುವ ಆ ಗಣಕದಲ್ಲಿ ಹಾರ್ಡ್ ಡಿಸ್ಕ್ ಇರಲಿಲ್ಲ. ಇದ್ದದ್ದು ಫ್ಲಾಶ್ ಸ್ಮೃತಿ. ಫ್ಲಾಶ್‌ನಲ್ಲಿ ಒಂದೇ ಕಡೆ ಮತ್ತೆ ಮತ್ತೆ ಬರೆದರೆ ಅದು ಸವೆಯುತ್ತದೆ. ಸದಾ ಬರೆದು ಅಳಿಸುವ ಸ್ವಾಪ್‌ಗೆ ಅದು ಒಗ್ಗದ ತಾಣ.

ಇದಕ್ಕೆ ಸಿಕ್ಕ ಉಪಾಯ ಚೆನ್ನಾಗಿದೆ. ಹಾಸಿಗೆಯನ್ನು ಅಟ್ಟಕ್ಕೇರಿಸುವ ಬದಲು ಬಿಗಿಯಾಗಿ ಸುತ್ತಿ ಮೂಲೆಯಲ್ಲಿಟ್ಟರೂ ಜಾಗ ಸಿಗುತ್ತದಲ್ಲವೇ? ನಿತಿನ್ ಗುಪ್ತಾ ಬರೆದ ಝಡ್‌ರ್‍ಯಾಮ್ ಎಂಬ ತಂತ್ರಾಂಶ ಪುಟಗಳನ್ನು ಒತ್ತಿ ಕುಗ್ಗಿಸಿ ರ್‍ಯಾಮ್‌ನಲ್ಲೇ ಇಡುತ್ತದೆ. 2014ರಲ್ಲಿ 3.14 ಆವೃತ್ತಿಯ ಮೂಲಕ ಅದು ಲಿನಕ್ಸ್ ತಿರುಳಿನ ಪೂರ್ಣ ಭಾಗವಾಯಿತು. ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿ ಈ ವಿಧಾನ ಬಳಕೆಯಲ್ಲಿದೆ.

ಹಾಗಾದರೆ ಶಾಲೆಯ ಗಣಕಕ್ಕೆ ಸ್ವಾಪ್ ಎಷ್ಟು? ರ್‍ಯಾಮ್ ಕಡಿಮೆಯಿದ್ದರೆ ತುಸು ಧಾರಾಳವಾಗಿ. ಸಾಕಷ್ಟಿದ್ದರೆ ತುರ್ತಿಗಾಗಿ ಸ್ವಲ್ಪ. ಸ್ಮೃತಿಯನ್ನೆಲ್ಲ ಡಿಸ್ಕಿಗೆ ಬರೆದು ಗಣಕವನ್ನು ಮಲಗಿಸುವ ಹೈಬರ್ನೇಶನ್ ಬೇಕಿದ್ದರೆ ಸುಮಾರು ರ್‍ಯಾಮ್‌ನಷ್ಟು. ಊಹಿಸುವ ಬದಲು ಅಳೆಯುವುದು ಮೇಲು. ಲಿನಕ್ಸಿನಲ್ಲಿ ‘ವಿಎಂಸ್ಟ್ಯಾಟ್’ ಆಜ್ಞೆ ಕೊಟ್ಟು, ಸ್ವಾಪ್‌ನಿಂದ ಒಳಬರುವ, ಹೊರಹೋಗುವ ಅಂಕಣಗಳನ್ನು ಮಕ್ಕಳಿಂದಲೇ ಓದಿಸಿ. ಅಂಕಿಗಳು ಸೊನ್ನೆಯ ಆಸುಪಾಸಿನಲ್ಲಿದ್ದರೆ ಚಿಂತೆಯಿಲ್ಲ. ಸದಾ ಓಡುತ್ತಿದ್ದರೆ ಬೇಕಾದದ್ದು ಇನ್ನೊಂದು ಅಟ್ಟವಲ್ಲ. ಒಂದೆರಡು ಕಿಟಕಿ ಮುಚ್ಚಬೇಕು, ಇಲ್ಲವೇ ಕಟ್ಟೆಯನ್ನೇ ಹಿಗ್ಗಿಸಬೇಕು. ಆ ಹಳೆಯ ಗಣಕವನ್ನು ಗುಜರಿಗೆ ಕಳಿಸುವ ಮುನ್ನ ಇಷ್ಟನ್ನಾದರೂ ಮಾಡಿ ನೋಡಬೇಕು.