ದುಡಿಯುತ್ತಲೇ ಪದವಿ: ಬೆಂಗಳೂರಿನಿಂದ ಕುವೈತಿನವರೆಗೆ

ಎಸ್ಸೆಸ್ಸೆಲ್ಸಿಯೋ ಐಟಿಐಯೋ ಮುಗಿಸಿ ಕುವೈತಿಗೆ ಬಂದು, ಇಪ್ಪತ್ತು ವರ್ಷದಲ್ಲಿ ಇಡೀ ಪ್ಲಾಂಟಿನ ಒಳಹೊರಗು ತಿಳಿದುಕೊಂಡ ಕನ್ನಡಿಗರು ನಮ್ಮ ನಡುವೆ ಬೇಕಾದಷ್ಟು ಜನ ಇದ್ದಾರೆ. ಕೆಲಸ ಚೆನ್ನಾಗಿ ಗೊತ್ತು, ಪದವಿ ಮಾತ್ರ ಇಲ್ಲ. ಇದು ಬರೀ ಪ್ರಮೋಶನ್ನಿನ ಮಾತಲ್ಲ ಎಂಬುದು 2020ರಲ್ಲಿ ಗೊತ್ತಾಯಿತು. ಅರವತ್ತು ತುಂಬಿದ, ಪದವಿ ಇಲ್ಲದ ವಲಸಿಗರ ವರ್ಕ್ ಪರ್ಮಿಟ್ ನವೀಕರಿಸುವುದಿಲ್ಲವೆಂದು ಇಲ್ಲಿನ ಮ್ಯಾನ್‌ಪವರ್ ಪ್ರಾಧಿಕಾರ ಆ ವರ್ಷ ತೀರ್ಮಾನಿಸಿತು. 2022ರಲ್ಲಿ 250 ದಿನಾರ್ ಶುಲ್ಕ ಮತ್ತು ಖಾಸಗಿ ಆರೋಗ್ಯ ವಿಮೆಯ ಷರತ್ತಿನ ಮೇಲೆ ಅದು ಸಡಿಲವಾಯಿತು ನಿಜ. ಆದರೆ ಒಂದು ಕಾಗದದ ಬೆಲೆ ಎಷ್ಟೆಂದು ಆ ನಡುವಿನ ದಿನಗಳು ಎಲ್ಲರಿಗೂ ತೋರಿಸಿಕೊಟ್ಟವು. ಹಾಗಾದರೆ ದುಡಿಯುತ್ತಲೇ ಓದಿ ಪದವಿ ಪಡೆಯುವ ದಾರಿ ಎಲ್ಲಿಂದ ಬಂತು? ಎಲ್ಲಿ ಎಡವಿತು?

ಕಾರ್ಖಾನೆ ಮತ್ತು ಕಾಲೇಜಿನ ನಂಟು ಕರ್ನಾಟಕಕ್ಕೆ ಹೊಸದೇನಲ್ಲ. 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಶುರುವಾಯಿತು. 1942ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ ತೆರೆಯಿತು. ಮರುವರ್ಷವೇ ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಬಂತು. ಇವತ್ತಿನ ಎಸ್.ಜೆ. ಪಾಲಿಟೆಕ್ನಿಕ್ ಅದೇ. ಆದರೆ ಇವೆಲ್ಲ ಓದು ಮುಗಿಸಿ ಕೆಲಸಕ್ಕೆ ಹೋಗುವವರಿಗೆ. ಕೆಲಸದಲ್ಲಿ ಇದ್ದವನು ಓದಬೇಕೆಂದರೆ ರಜೆ ಹಾಕಬೇಕು, ಇಲ್ಲ ಕೆಲಸ ಬಿಡಬೇಕು.

ಅಂಥವರಿಗೆ ಬಾಗಿಲು ತೆರೆದದ್ದು ಅಂಚೆ. ದೆಹಲಿ ವಿಶ್ವವಿದ್ಯಾಲಯ 1962ರಲ್ಲಿ, ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆ ಶಿಕ್ಷಣ ಆರಂಭಿಸಿದವು. ಮೈಸೂರಿನ ಆ ಸಂಸ್ಥೆಯೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಗಿ ಬೆಳೆಯಿತು. ಎಷ್ಟೋ ಗುಮಾಸ್ತರು, ಮೇಷ್ಟ್ರುಗಳು, ಗೃಹಿಣಿಯರು ಹೀಗೆ ಬಿ.ಎ., ಎಂ.ಎ. ಮಾಡಿಕೊಂಡರು. ಆದರೂ ಒಂದು ಕೊರತೆ ಉಳಿಯಿತು: ಹಗಲೆಲ್ಲ ಮಾಡಿದ ಕೆಲಸಕ್ಕೂ ರಾತ್ರಿ ಓದಿದ ಪುಸ್ತಕಕ್ಕೂ ಸಂಬಂಧವೇ ಇರಲಿಲ್ಲ.

ಆ ಸಂಬಂಧ ಕಟ್ಟಿದ್ದು ಪಿಲಾನಿಯ ಬಿಟ್ಸ್. 1979ರಲ್ಲಿ ಅದು ನೌಕರಿಯಲ್ಲಿರುವವರಿಗಾಗಿಯೇ ಪದವಿ ಕೋರ್ಸ್ ತೆರೆಯಿತು. 1995ರಲ್ಲಿ ಬೆಂಗಳೂರಿನ ವಿಪ್ರೋ ಅದರ ಜೊತೆ ಸೇರಿ ವಿಪ್ರೋ ಅಕಾಡೆಮಿ ಆಫ್ ಸಾಫ್ಟ್‌ವೇರ್ ಎಕ್ಸಲೆನ್ಸ್ ಆರಂಭಿಸಿತು. ಬಿ.ಎಸ್ಸಿ. ಮುಗಿಸಿದ ಹುಡುಗ ಹುಡುಗಿಯರನ್ನು ಕಂಪನಿ ಸಂಬಳ ಕೊಟ್ಟು ಸೇರಿಸಿಕೊಳ್ಳುತ್ತದೆ. ವಾರವಿಡೀ ಪ್ರಾಜೆಕ್ಟ್, ವಾರದ ಕೊನೆಗೆ ಪಾಠ. ನಾಲ್ಕು ವರ್ಷಕ್ಕೆ ಸ್ನಾತಕೋತ್ತರ ಪದವಿ. ಫೀಸು ಕಂಪನಿಯದು, ಪದವಿ ವಿಶ್ವವಿದ್ಯಾಲಯದ್ದು. ಎಂಜಿನಿಯರಿಂಗ್ ಓದಿಸಲು ಶಕ್ತಿಯಿಲ್ಲದ ಎಷ್ಟೋ ಮನೆಗಳಿಗೆ ಇದು ವರವಾಯಿತು.

ಕುವೈತಿನಲ್ಲೂ ಇಂಥ ಕೆಲಸ ನಡೆದಿದೆ. ಸೌದಿಯ ರಾಜಕುಮಾರ ತಲಾಲ್ ಬಿನ್ ಅಬ್ದುಲ್ ಅಜೀಜ್ ಅವರ ಆಸಕ್ತಿಯಿಂದ ಹುಟ್ಟಿದ ಅರಬ್ ಮುಕ್ತ ವಿಶ್ವವಿದ್ಯಾಲಯ 2002ರಲ್ಲಿ ಪಾಠ ಶುರುಮಾಡಿತು. ಅದರ ಕೇಂದ್ರ ಕಚೇರಿ ಇಲ್ಲೇ ಇದೆ. ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾಲಯದ ಸಹಯೋಗ ಅದಕ್ಕೆ ಮೊದಲಿನಿಂದಲೂ ಇದೆ.

ಇನ್ನು ಎಡವಿದ ಕಥೆ. 2015ರ ಜೂನ್‌ನಲ್ಲಿ ಯುಜಿಸಿ, ನಮ್ಮ ಮುಕ್ತ ವಿಶ್ವವಿದ್ಯಾಲಯದ 2012–13ರ ನಂತರದ ಕೋರ್ಸುಗಳಿಗೆ ಮಾನ್ಯತೆ ಇಲ್ಲವೆಂದು ಪ್ರಕಟಿಸಿತು. ಖಾಸಗಿ ಸಂಸ್ಥೆಗಳ ಸಹಭಾಗಿತ್ವದಲ್ಲಿ, ರಾಜ್ಯದ ಗಡಿಯಾಚೆಗೂ ಕೋರ್ಸು ನಡೆಸಿದ್ದು ಮುಖ್ಯ ಆಕ್ಷೇಪವಾಗಿತ್ತು. 2018ರಲ್ಲಿ ಮಾನ್ಯತೆ ಮರಳಿತು. ನಡುವೆ ಸಿಕ್ಕಿಕೊಂಡ ವಿದ್ಯಾರ್ಥಿಗಳ ಪಾಡು ಹೇಳತೀರದು. ವಿಪ್ರೋ ಕೂಡ ಖಾಸಗಿ ಸಂಸ್ಥೆಯೇ ಅಲ್ಲವೇ ಎಂದು ಕೇಳಬಹುದು. ವ್ಯತ್ಯಾಸ ಇಷ್ಟೆ: ಕಲಿತವನನ್ನು ತಾನೇ ಕೆಲಸಕ್ಕಿಟ್ಟುಕೊಳ್ಳುವ ಕಂಪನಿಗೆ ಕಲಿಕೆ ಗಟ್ಟಿಯಾಗಿರಬೇಕು. ಬರೀ ಅಡ್ಮಿಶನ್ ಮಾಡಿಸುವವನಿಗೆ ಫೀಸು ಬಂದರೆ ಸಾಕು.

ಅದೇ 2018ರಲ್ಲಿ ಕುವೈತಿನಲ್ಲಿ ಎಂಜಿನಿಯರುಗಳ ಇಕಾಮಾ ನವೀಕರಣಕ್ಕೆ ಇಲ್ಲಿನ ಎಂಜಿನಿಯರ್ಸ್ ಸೊಸೈಟಿಯ ಒಪ್ಪಿಗೆ ಬೇಕೆಂದಾಯಿತು. ಭಾರತದ ಎನ್‌ಬಿಎ ಮಾನ್ಯತೆ ಇಲ್ಲದ ಕಾಲೇಜಿನವರು ತೊಂದರೆಗೆ ಬಿದ್ದರು. ರೆಗ್ಯುಲರ್ ಓದಿದವರದ್ದೇ ಈ ಗತಿಯಾದರೆ, ಉಳಿದವರು ಇನ್ನೆಷ್ಟು ಎಚ್ಚರದಿಂದಿರಬೇಕು!

2020ರ ಯುಜಿಸಿ ನಿಯಮಗಳ ಪ್ರಕಾರ, ಅನುಮತಿ ಪಡೆದ ವಿಶ್ವವಿದ್ಯಾಲಯದ ಆನ್‌ಲೈನ್ ಪದವಿ ರೆಗ್ಯುಲರ್ ಪದವಿಗೆ ಸಮಾನ. ಆದರೆ ಎಂಜಿನಿಯರಿಂಗ್ ಪದವಿಗೆ ಆನ್‌ಲೈನ್ ಅನುಮತಿ ಇಲ್ಲ. ಆನ್‌ಲೈನ್ ಬಿ.ಟೆಕ್. ಕೊಡಿಸುತ್ತೇವೆ ಎನ್ನುವವರನ್ನು ದೂರವಿಡಿ. ಭಾರತದಲ್ಲಿ ಸಮಾನವಾದದ್ದು ಕುವೈತಿನಲ್ಲೂ ತಾನಾಗಿಯೇ ಸಮಾನ ಅಂತಲ್ಲ. ಇಲ್ಲಿನ ಇಲಾಖೆಯ ಮಾತು ಬೇರೆಯೇ. ಆದ್ದರಿಂದ ಫೀಸು ಕಟ್ಟುವ ಮೊದಲು ಆ ವರ್ಷದ ಯುಜಿಸಿ ಪಟ್ಟಿ ನೋಡಿ. ಆಮೇಲೆ ನಿಮ್ಮ ಕಂಪನಿಯ ಎಚ್.ಆರ್. ಅವರನ್ನು ಕೇಳಿ.

ನಮ್ಮವರಿಗೆ ಬೇಕಾದದ್ದು ಬೆಂಗಳೂರಿನ ಆ 1995ರ ಮಾದರಿ: ಮಾನ್ಯತೆಯುಳ್ಳ ವಿಶ್ವವಿದ್ಯಾಲಯ, ಒಪ್ಪಿ ಸಹಿ ಹಾಕಿದ ಕಂಪನಿ, ಶುಕ್ರವಾರದ ಪಾಠ. ಮ್ಯಾನೇಜರ್ ಹುದ್ದೆಯಲ್ಲಿರುವ ಕನ್ನಡಿಗರು ನಮ್ಮಲ್ಲಿ ಅನೇಕರಿದ್ದಾರೆ. ತಮ್ಮ ಕಂಪನಿಯಲ್ಲಿ ಈ ಮಾತು ಎತ್ತುವುದಕ್ಕೆ ಅವರಿಗಿಂತ ತಕ್ಕವರು ಯಾರು?