ಹಾಯ್ಸ್ಟ್ ಮೋಟಾರಿನ ವಿದ್ಯುತ್ಕಾಂತೀಯ ಬ್ರೇಕ್: ರಚನೆ ಮತ್ತು ಕೈಯಿಂದ ಬಿಡಿಸುವ ಕ್ರಮ

ಮೈಸೂರು ನಗರದ ದಕ್ಷಿಣ ಭಾಗದ ಶ್ರೀರಾಂಪುರಕ್ಕೆ ಬಂಡೀಪಾಳ್ಯದ ಎ.ಪಿ.ಎಂ.ಸಿ. ಪ್ರಾಂಗಣವು ಸಮೀಪದಲ್ಲಿದೆ. ಇಂತಹ ಮಾರುಕಟ್ಟೆ ಪ್ರದೇಶಗಳಲ್ಲಿ ಗೋದಾಮು, ಅಕ್ಕಿ ಗಿರಣಿ ಅಥವಾ ಪಶು ಆಹಾರ ಘಟಕ ನಡೆಸುವವರು ಮೂಟೆಗಳನ್ನು ಮೇಲಂತಸ್ತಿಗೆ ಏರಿಸಲು ವಿದ್ಯುತ್ ಹಾಯ್ಸ್ಟ್ ಬಳಸುವುದುಂಟು. ಮೂಟೆ ಮೇಲೆ ತೂಗುತ್ತಿರುವಾಗ ಕರೆಂಟ್ ಹೋದರೆ ಅದನ್ನು ಹಿಡಿದು ನಿಲ್ಲಿಸುವುದು ಮೋಟಾರಿನ ಬ್ರೇಕ್. ಅದನ್ನು ಕೈಯಿಂದ ಬಿಡಿಸುವ ಕ್ರಮ ತಪ್ಪಿದಲ್ಲಿ ಕೆಳಗಿರುವವರ ಪ್ರಾಣಕ್ಕೇ ಅಪಾಯ.

ರಚನೆ

ಬ್ರೇಕನ್ನು ಸಾಮಾನ್ಯವಾಗಿ ಮೋಟಾರಿನ ಹಿಂಬದಿಯಲ್ಲಿ, ಫ್ಯಾನ್ ಮುಚ್ಚಳದ ಒಳಗೆ ಅಳವಡಿಸಿರುತ್ತಾರೆ. ಇದರ ಮುಖ್ಯ ಭಾಗಗಳು:

- ತಾಮ್ರದ ತಂತಿ ಸುತ್ತಿದ ಕಾಯಿಲ್ ಹಾಗೂ ಅದನ್ನು ಹೊತ್ತ ಕಬ್ಬಿಣದ ಕವಚ
- ಕವಚದೊಳಗಿನ ಒತ್ತು ಸ್ಪ್ರಿಂಗ್‌ಗಳು
- ಹಿಂದೆ ಮುಂದೆ ಸರಿಯುವ ಆರ್ಮೇಚರ್ ತಟ್ಟೆ
- ಮೋಟಾರಿನ ಶಾಫ್ಟ್‌ನೊಡನೆ ತಿರುಗುವ, ಎರಡೂ ಬದಿ ಲೈನಿಂಗ್ ಇರುವ ಬ್ರೇಕ್ ಡಿಸ್ಕ್
- ಏಕಮುಖ ವಿದ್ಯುತ್ ಒದಗಿಸುವ ರೆಕ್ಟಿಫೈಯರ್

ಕಾರ್ಯವಿಧಾನ

ಬ್ರೇಕ್ ಹಾಕುವುದು ಸ್ಪ್ರಿಂಗ್, ಬಿಡಿಸುವುದು ವಿದ್ಯುತ್. ಕಾಯಿಲ್‌ಗೆ ವಿದ್ಯುತ್ ಹರಿದಾಗ ಅದು ಆರ್ಮೇಚರ್ ತಟ್ಟೆಯನ್ನು ಸೆಳೆದುಕೊಳ್ಳುತ್ತದೆ, ಡಿಸ್ಕ್ ಸಡಿಲವಾಗಿ ತಿರುಗುತ್ತದೆ. ವಿದ್ಯುತ್ ನಿಂತೊಡನೆ ಸ್ಪ್ರಿಂಗ್‌ಗಳು ತಟ್ಟೆಯನ್ನು ಡಿಸ್ಕಿಗೆ ಒತ್ತಿ ಶಾಫ್ಟನ್ನು ಬಿಗಿಹಿಡಿಯುತ್ತವೆ.

ನಿಮಿಷಕ್ಕೆ 1440 ಸುತ್ತು ತಿರುಗುವ 2.2 ಕಿಲೋವ್ಯಾಟ್ (ಸುಮಾರು 3 ಎಚ್.ಪಿ.) ಮೋಟಾರಿನ ತಿರುಗುಬಲ ಸುಮಾರು 14.6 ನ್ಯೂಟನ್-ಮೀಟರ್. ಭಾರ ಎತ್ತುವ ಯಂತ್ರಗಳಲ್ಲಿ ಬ್ರೇಕಿನ ಬಲ ಇದರ ಒಂದೂವರೆಯಿಂದ ಎರಡು ಪಟ್ಟು, ಅಂದರೆ 22ರಿಂದ 29 ನ್ಯೂಟನ್-ಮೀಟರ್ ಇರುವಂತೆ ಆಯ್ಕೆ ಮಾಡುವುದು ರೂಢಿ.

ಬಿಡಿಸುವ ಸಾಧನ

ಇದರಲ್ಲಿ ಎರಡು ವಿಧ. ಮೊದಲನೆಯದು, ಕೈಬಿಟ್ಟೊಡನೆ ತಾನಾಗಿ ಹಿಂದಿರುಗುವ ಲಿವರ್. ಎರಡನೆಯದು, ಬಿಗಿ ಮಾಡಿ ತಟ್ಟೆಯನ್ನು ಹಿಂದಕ್ಕೆಳೆಯುವ ಸ್ಕ್ರೂ. ಇದನ್ನು ಮತ್ತೆ ಸಡಿಲಿಸುವವರೆಗೆ ಬ್ರೇಕ್ ಹಿಡಿಯುವುದಿಲ್ಲ. ಆದ್ದರಿಂದ ತೂಗುವ ಭಾರವನ್ನು ಇಳಿಸಲು ಸ್ಕ್ರೂ ವಿಧಾನ ತಕ್ಕುದಲ್ಲ. ಕೆಲವು ಮೋಟಾರುಗಳಲ್ಲಿ ಈ ಎರಡೂ ಇರುವುದಿಲ್ಲ.

ಅನುಸರಿಸಬೇಕಾದ ಕ್ರಮ

1. ತುರ್ತು ಇಲ್ಲದಿದ್ದರೆ ಕರೆಂಟ್ ಬರುವವರೆಗೆ ಕಾಯುವುದೇ ಉತ್ತಮ. ತಯಾರಕರ ಕೈಪಿಡಿಯಲ್ಲಿ ಅನುಮತಿಯಿದ್ದರೆ ಮಾತ್ರ ಮುಂದುವರಿಯಬೇಕು.
2. ಮೈನ್ ಸ್ವಿಚ್ ಆಫ್ ಮಾಡಿ ಬೀಗ ಹಾಕಬೇಕು.
3. ಭಾರದ ಕೆಳಗೆ ಯಾರೂ ಇರದಂತೆ ತೆರವುಗೊಳಿಸಿ ಹಗ್ಗ ಕಟ್ಟಬೇಕು.
4. ಲಿವರನ್ನು ಕ್ಷಣಕಾಲ ಎಳೆದು ಬಿಡಬೇಕು. ಭಾರವು ವೇಗ ಪಡೆಯದಂತೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು.
5. ಕೆಲಸ ಮುಗಿದ ಮೇಲೆ ಲಿವರ್ ಸ್ವಸ್ಥಾನಕ್ಕೆ ಮರಳಿದೆಯೇ ಎಂದು ನೋಡಿ, ಕರೆಂಟ್ ಬಂದಾಗ ಸಣ್ಣ ಭಾರವನ್ನು ಒಂದು ಗೇಣು ಎತ್ತಿ ಬ್ರೇಕ್ ಪರೀಕ್ಷಿಸಬೇಕು.

ನಿರ್ವಹಣೆ

ಲೈನಿಂಗ್ ಸವೆದಂತೆ ತಟ್ಟೆ ಮತ್ತು ಕಾಯಿಲ್ ನಡುವಿನ ಅಂತರ ಹೆಚ್ಚುತ್ತದೆ. ಆಗ ಕಾಯಿಲ್ ತಟ್ಟೆಯನ್ನು ಸೆಳೆಯಲಾರದೆ ಮೋಟಾರು ಬ್ರೇಕಿನ ವಿರುದ್ಧ ತಿರುಗಿ ಬಿಸಿಯಾಗುತ್ತದೆ. ಸುಟ್ಟ ವಾಸನೆ ಇದರ ಸೂಚನೆ. ಲಿವರಿನ ಸಡಿಲಿಕೆಯೂ ಕಡಿಮೆಯಾಗಿ, ಪೂರ್ತಿ ಇಲ್ಲವಾದರೆ ಬ್ರೇಕಿನ ಹಿಡಿತ ಕುಗ್ಗುತ್ತದೆ. ಎರಡನ್ನೂ ಕೈಪಿಡಿಯ ಅಳತೆಯಂತೆ ನುರಿತ ಎಲೆಕ್ಟ್ರಿಷಿಯನ್‌ನಿಂದ ಸರಿಪಡಿಸಿಸಬೇಕು. ತೌಡಿನ ದೂಳು, ಎಣ್ಣೆ, ಗ್ರೀಸ್ ಡಿಸ್ಕಿಗೆ ತಾಗದಂತೆ ನೋಡಿಕೊಳ್ಳಬೇಕು. ವಿ.ಎಫ್.ಡಿ. ಇದ್ದಲ್ಲಿ ಬ್ರೇಕಿಗೆ ಪ್ರತ್ಯೇಕ ವಿದ್ಯುತ್ ಸಂಪರ್ಕ ಕೊಡಬೇಕು.

ಬ್ರೇಕ್ ಬಿಡುತ್ತಿಲ್ಲವೆಂದು ಲಿವರನ್ನು ತಂತಿಯಿಂದ ಕಟ್ಟಿ ಹಾಯ್ಸ್ಟ್ ನಡೆಸಕೂಡದು. ಹಾಗೆ ಮಾಡಿದಲ್ಲಿ ಮುಂದಿನ ಬಾರಿ ಕರೆಂಟ್ ಹೋದಾಗ ಮೂಟೆಯನ್ನು ತಡೆಯುವ ಬ್ರೇಕೇ ಇರುವುದಿಲ್ಲ.